ಕೆಟ್ಟಿಲ್ಲದ ಕಂಪ್ಯೂಟರ್‌ಗೆ ಆಯುಷ್ಯ ಮುಗಿಯುವುದು ಹೇಗೆ? ವಿಂಡೋಸ್ 10ರ ನಂತರ ದುರಸ್ತಿ ಸಂಸ್ಥೆಗಳ ಮುಂದಿರುವ ಲೆಕ್ಕ

ಕಂಪ್ಯೂಟರ್ ನಡೆಸುವ ಮೈಕ್ರೋಸಾಫ್ಟ್‌ನ ಮೂಲ ತಂತ್ರಾಂಶ (ಆಪರೇಟಿಂಗ್ ಸಿಸ್ಟಂ) ವಿಂಡೋಸ್ 10 ನಿಂತುಹೋಯಿತು ಎಂಬ ಸುದ್ದಿ 2025ರ ಅಕ್ಟೋಬರ್ 14ರಂದು ಬಂತು. ಮರುದಿನ ಬೆಳಿಗ್ಗೆ ಎಂದಿನಂತೆ ಕಂಪ್ಯೂಟರ್ ಹಾಕಿದವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪರದೆ ಬೆಳಗಿತು, ಕಡತಗಳು ತೆರೆದುಕೊಂಡವು, ಪ್ರಿಂಟರ್ ಎಂದಿನಷ್ಟೇ ತಕರಾರು ಮಾಡಿತು. ಆದರೆ ಈ ಒಂದು ನಿರ್ಧಾರದಿಂದ ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರ್‌ಗಳು ಕಸದ ದಾರಿ ಹಿಡಿಯಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕ್ಯಾನಲಿಸ್ 2023ರ ಡಿಸೆಂಬರ್‌ನಲ್ಲೇ ಅಂದಾಜು ಮಾಡಿತ್ತು. ಅಮೆರಿಕದ ಗ್ರಾಹಕ ಹಿತಾಸಕ್ತಿ ಸಂಘಟನೆಯಾದ ಪಿಐಆರ್‌ಜಿ 40 ಕೋಟಿಯವರೆಗಿನ ಸಂಖ್ಯೆಯನ್ನು ಮುಂದಿಟ್ಟಿತು. ಮನೆಯಲ್ಲಿ ಚೆನ್ನಾಗಿಯೇ ನಡೆಯುತ್ತಿರುವ ಯಂತ್ರ ಸುದ್ದಿಯಲ್ಲಿ ಮಾತ್ರ ಸತ್ತುಹೋಗಿದೆ. ಇದು ಹೇಗೆ ಸಾಧ್ಯ ಎಂಬುದು ಸಹಜವಾದ ಪ್ರಶ್ನೆ.

ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗಿರುವುದು ಹಳೆಯ ಕಂಪ್ಯೂಟರ್‌ಗಳನ್ನು ದಾನವಾಗಿ ಪಡೆದು, ರಿಪೇರಿ ಮಾಡಿ, ಕೊಳ್ಳಲಾಗದವರಿಗೆ ತಲುಪಿಸುವ ಲಾಭರಹಿತ ಸಂಸ್ಥೆಗಳಿಗೆ. ಹೊರಗಿನಿಂದ ನೋಡಿದರೆ ಅವುಗಳ ಪಾಲಿಗೆ ಇದು ಸುಗ್ಗಿಯಾಗಬೇಕಿತ್ತು. ಕೋಟ್ಯಂತರ ಯಂತ್ರಗಳನ್ನು ಜನರು ಬಿಟ್ಟುಕೊಡುವಾಗ ದಾನಕ್ಕೇನು ಬರ? ವಾಸ್ತವದಲ್ಲಿ ಈ ಸಂಸ್ಥೆಗಳಿಗೆ ಎಂದೂ ಕೊರತೆಯಿದ್ದದ್ದು ಯಂತ್ರಗಳದ್ದಲ್ಲ. ಕೊರತೆಯಿರುವುದು ಇನ್ನೂ ಆಯುಷ್ಯ ಉಳಿದಿರುವ ಯಂತ್ರಗಳದ್ದು ಮತ್ತು ಅವನ್ನು ಸಿದ್ಧಪಡಿಸುವ ಕೈಗಳದ್ದು. ವಿಂಡೋಸ್ 10ರ ಮುಕ್ತಾಯವು ಮೊದಲನೆಯದನ್ನು ಕಡಿಮೆ ಮಾಡಿ ಎರಡನೆಯದರ ಮೇಲೆ ಹೊರೆ ಹೆಚ್ಚಿಸಿದೆ.

ನಿಂತದ್ದು ಯಾವುದು, ನಡೆಯುತ್ತಿರುವುದು ಯಾವುದು

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಹತ್ತು ವರ್ಷ ಉಚಿತವಾಗಿ ಭದ್ರತಾ ಅಪ್‌ಡೇಟ್‌ಗಳನ್ನು ಕೊಟ್ಟಿತು. ಈಗ ನಿಂತಿರುವುದು ಆ ಉಚಿತ ಅಪ್‌ಡೇಟ್ ಮಾತ್ರ. ಅದರ ನಂತರದ ವಿಂಡೋಸ್ 11 ಕೇಳುವ ಷರತ್ತುಗಳನ್ನು ಅನೇಕ ಹಳೆಯ ಯಂತ್ರಗಳು ಪೂರೈಸದ ಕಾರಣ ಅವುಗಳಿಗೆ ಅಧಿಕೃತವಾಗಿ ಮುಂದಿನ ದಾರಿಯಿಲ್ಲ. ಯಂತ್ರ ಓಡುತ್ತಲೇ ಇರುತ್ತದೆ, ಆದರೆ ಇನ್ನು ಮುಂದೆ ಪತ್ತೆಯಾಗುವ ದೋಷಗಳನ್ನು ಯಾರೂ ಮುಚ್ಚುವುದಿಲ್ಲ. ದಿನಗಳೆದಂತೆ ಅಂತಹ ರಂಧ್ರಗಳು ಕೂಡುತ್ತಾ ಹೋಗುವುದರಿಂದ ಬ್ಯಾಂಕ್ ವ್ಯವಹಾರಕ್ಕೂ ಇ-ಮೇಲ್‌ಗೂ ಅಂತಹ ಕಂಪ್ಯೂಟರ್ ಬಳಸುವುದು ಅಪಾಯ. ಅಪಾಯ ಒಂದೇ ದಿನದಲ್ಲಿ ಬರುವುದಿಲ್ಲವಾದ್ದರಿಂದಲೇ ಜನರಿಗೆ ಇದು ಸುಳ್ಳು ಬೆದರಿಕೆಯಂತೆ ಕಾಣುತ್ತದೆ.

ಇದರ ನಡುವೆ ಒಂದು ವರ್ಷದ ಜೀವದಾನವೂ ಇದೆ. ಮನೆಬಳಕೆದಾರರು 30 ಡಾಲರ್ ತೆತ್ತು, ಇಲ್ಲವೇ ಮೈಕ್ರೋಸಾಫ್ಟ್‌ನ 1000 ರಿವಾರ್ಡ್ ಅಂಕಗಳನ್ನು ಬಿಟ್ಟುಕೊಟ್ಟು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಕಂಪನಿಯ ಕ್ಲೌಡ್‌ಗೆ ಸೇರಿಸಲು ಒಪ್ಪಿ, 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಪಡೆಯಬಹುದು. ಯುರೋಪಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದ ಮೇಲೆ ಅಲ್ಲಿನವರಿಗೆ ಈ ಷರತ್ತುಗಳು ಸಡಿಲವಾದವು. ಕಂಪನಿಗಳು ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ನಂತರ ಪ್ರತಿ ವರ್ಷ ಅದರ ಇಮ್ಮಡಿ ಕೊಟ್ಟು ಮೂರು ವರ್ಷದವರೆಗೆ ಮುಂದುವರಿಯಬಹುದು. ಶಾಲೆಗಳಿಗೆ ಮಾತ್ರ ದರ ತೀರಾ ಕಡಿಮೆ: ಮೂರು ವರ್ಷಗಳಿಗೆ ಅನುಕ್ರಮವಾಗಿ 1, 2 ಮತ್ತು 4 ಡಾಲರ್.

ಮನೆಬಳಕೆಯ ಈ ಸೌಲಭ್ಯ ವ್ಯಕ್ತಿಯ ಮೈಕ್ರೋಸಾಫ್ಟ್ ಖಾತೆಗೆ ಅಂಟಿಕೊಂಡಿರುವುದನ್ನು ಇಲ್ಲಿ ಗಮನಿಸಬೇಕು. ರಿಪೇರಿ ಮಾಡಿ ಬೇರೆಯವರಿಗೆ ಕೊಡುವ ಸಂಸ್ಥೆಯು ಇನ್ನೂ ಯಾರೆಂದು ತಿಳಿಯದ ಮುಂದಿನ ಬಳಕೆದಾರರ ಪರವಾಗಿ ಅದನ್ನು ಹಾಕಿಕೊಡಲಾಗದು. ಹಾಕಿಕೊಟ್ಟರೂ ಉಳಿದಿರುವುದು ಕೆಲವೇ ತಿಂಗಳ ಬಾಳಿಕೆ. ಹಾಗಾಗಿ ಈಗಾಗಲೇ ಯಂತ್ರವನ್ನು ಹೊಂದಿರುವವರಿಗೆ ಸಿಕ್ಕ ರಿಯಾಯಿತಿಯು ಎರಡನೆಯ ಕೈಗೆ ಹೋಗುವ ಯಂತ್ರಕ್ಕೆ ದಕ್ಕುವುದಿಲ್ಲ.

'ಮರುಬಳಕೆ' ಎಂಬ ಒಂದು ಪದ, ಎರಡು ಕೆಲಸ

ಈ ಚರ್ಚೆ ಕನ್ನಡದಲ್ಲಿ ಇನ್ನಷ್ಟು ಗೋಜಲಾಗಲು ಭಾಷೆಯದೇ ಒಂದು ಕಾರಣವಿದೆ. ಪತ್ರಿಕೆಗಳಲ್ಲಿ ಹಳೆಯ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸುವುದೂ 'ಮರುಬಳಕೆ', ಅಣ್ಣನ ಪಠ್ಯಪುಸ್ತಕವನ್ನು ತಮ್ಮ ಓದುವುದೂ 'ಮರುಬಳಕೆ'. ಕಂಪ್ಯೂಟರ್ ವಿಷಯದಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧವಾದ ಕೆಲಸಗಳು. ಇಡೀ ಯಂತ್ರವನ್ನು ಪುಡಿಮಾಡಿ ತಾಮ್ರ, ಅಲ್ಯೂಮಿನಿಯಂ, ಚಿನ್ನ ತೆಗೆಯುವುದು ಮರುಸಂಸ್ಕರಣೆ. ಯಂತ್ರವನ್ನು ಯಂತ್ರವಾಗಿಯೇ ಉಳಿಸಿ ಮತ್ತೊಬ್ಬರ ಕೈಗೆ ಕೊಡುವುದು ನಿಜವಾದ ಮರುಬಳಕೆ. ಒಮ್ಮೆ ಪುಡಿಯಾದದ್ದು ಮತ್ತೆ ಕಂಪ್ಯೂಟರ್ ಆಗುವುದಿಲ್ಲ.

ಇವೆರಡರ ಲಾಭವೂ ಸಮನಲ್ಲ. ಒಂದು ಡೆಸ್ಕ್‌ಟಾಪ್ ಹಾಗೂ 17 ಇಂಚಿನ ಹಳೆಯ ಡಬ್ಬಿ ಮಾನಿಟರ್ ತಯಾರಿಸಲು ಸುಮಾರು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಮತ್ತು 1500 ಕಿಲೋ ನೀರು ಬೇಕಾಗುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಲೆಕ್ಕ ಹಾಕಿದ್ದರು. ಇಂದಿನ ಲ್ಯಾಪ್‌ಟಾಪ್‌ಗಳು ಅವುಗಳಿಗಿಂತ ಹಗುರ, ಆದರೆ ಒಟ್ಟು ಇಂಗಾಲದ ಹೊರೆಯಲ್ಲಿ ಬಹುಪಾಲು ತಯಾರಿಕೆಯ ಹಂತದಲ್ಲೇ ಖರ್ಚಾಗಿರುತ್ತದೆ ಎಂಬುದು ಬದಲಾಗಿಲ್ಲ. ಈ ಖರ್ಚನ್ನು ಮರುಸಂಸ್ಕರಣೆ ವಾಪಸು ತರುವುದಿಲ್ಲ. ಅದು ತರುವುದು ಕೆಲವು ಲೋಹಗಳನ್ನು. ಅದರಲ್ಲೂ ವಿರಳ ಭೂಲೋಹಗಳ (ರೇರ್ ಅರ್ತ್) ಒಟ್ಟು ಬೇಡಿಕೆಯಲ್ಲಿ ಇ-ತ್ಯಾಜ್ಯದಿಂದ ಪೂರೈಕೆಯಾಗುವುದು ಶೇ. 1ರಷ್ಟು ಎಂದು ವಿಶ್ವಸಂಸ್ಥೆಯ 2024ರ ಜಾಗತಿಕ ಇ-ತ್ಯಾಜ್ಯ ವರದಿ ಹೇಳುತ್ತದೆ. ಅದೇ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟುಹಾಕಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಸಂಸ್ಕರಣೆಗೊಂಡದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ.

ಹಾಗೆಂದು ಮರುಸಂಸ್ಕರಣೆ ಬೇಡವೆಂದಲ್ಲ. ಮದರ್‌ಬೋರ್ಡ್ ಸುಟ್ಟ ಯಂತ್ರಕ್ಕೂ, ಪಾದರಸದ ದೀಪವಿರುವ ಹಳೆಯ ಎಲ್‌ಸಿಡಿ ಪರದೆಗೂ ಬೇರೆ ದಾರಿಯಿಲ್ಲ. ಆದರೆ ಅದು ಕೊನೆಯ ಮೆಟ್ಟಿಲಾಗಬೇಕು. ಮೊದಲ ಮೆಟ್ಟಿಲಲ್ಲೇ ಪುಡಿಯಂತ್ರ ಕಾದಿದ್ದರೆ ದುರಸ್ತಿಗೆ ಜಾಗವೇ ಉಳಿಯುವುದಿಲ್ಲ.

ಪೋರ್ಟ್‌ಲ್ಯಾಂಡ್‌ನ ಮಾದರಿ

ಈ ಎರಡೂ ಕೆಲಸಗಳನ್ನು ಒಂದೇ ಸೂರಿನಡಿ ತಂದ ಸಂಸ್ಥೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಫ್ರೀ ಗೀಕ್. 2000ದ ಏಪ್ರಿಲ್ 22ರಂದು, ಅಂದರೆ ಭೂಮಿ ದಿನದಂದು ಹುಟ್ಟಿದ ಈ ಸಂಸ್ಥೆಯ ಮೂಲ ಉಪಾಯ ತೀರಾ ಸರಳ. ಊರಿನವರು ಬೇಡವಾದ ಕಂಪ್ಯೂಟರ್ ತಂದುಕೊಡುತ್ತಾರೆ. ಕಂಪ್ಯೂಟರ್ ಇಲ್ಲದವರು ಬಂದು ಕೆಲಸ ಮಾಡುತ್ತಾರೆ. ಕೆಲಸದ ಕೂಲಿ ಒಂದು ಕಂಪ್ಯೂಟರ್. 24 ತಾಸು ದುಡಿದವರಿಗೆ ಒಂದು ಯಂತ್ರ ಎಂಬ ಯೋಜನೆ ಒಂದಿತ್ತು. ಜೋಡಣೆ ಕಲಿಯಲು ಇಷ್ಟಪಡುವವರಿಗೆ ಇನ್ನೊಂದು: ಐದು ಕಂಪ್ಯೂಟರ್‌ಗಳನ್ನು ಸಂಸ್ಥೆಗಾಗಿ ಕಟ್ಟಿದರೆ ಆರನೆಯದು ಕಟ್ಟಿದವರದೇ.

ಬಂದವರನ್ನು ಕೈಯೊಡ್ಡುವವರ ಜಾಗದಲ್ಲಿ ನಿಲ್ಲಿಸದೆ ಕೆಲಸಗಾರರನ್ನಾಗಿ ಮಾಡಿದ್ದು ಈ ಮಾದರಿಯ ಜಾಣತನ. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಕಂಡವರು ಅದು ಕೆಟ್ಟಾಗ ಹೆದರುವುದಿಲ್ಲ. ಜೊತೆಗೆ ಮರುಮಾರಾಟದ ಅಂಗಡಿಯ ಆದಾಯ, ಸಂಸ್ಕರಣೆಗೆ ಕಳಿಸಿದ ಬಿಡಿಭಾಗಗಳ ಹಣ, ದಾನ ಮತ್ತು ಅನುದಾನ ಎಲ್ಲವೂ ಸೇರಿ ಸಂಸ್ಥೆ ನಡೆಯುತ್ತದೆ. ಒಳ್ಳೆಯ ಯಂತ್ರ ಮಾರಿ ಬಂದ ಹಣ, ಮಾರಲಾಗದ ಯಂತ್ರವನ್ನು ಸುರಕ್ಷಿತವಾಗಿ ಬಿಚ್ಚುವ ಖರ್ಚನ್ನು ಹೊರುತ್ತದೆ. ಇದನ್ನು ನೋಡಿ ಶಿಕಾಗೊ, ಟೊರಾಂಟೊ, ವ್ಯಾಂಕೂವರ್‌ಗಳಂತಹ ನಗರಗಳಲ್ಲಿ ಅದೇ ಹೆಸರಿನ ಸ್ವತಂತ್ರ ಸಂಸ್ಥೆಗಳು ಹುಟ್ಟಿಕೊಂಡವು.

ಈ ಆರ್ಥಿಕತೆ ನಿಂತಿರುವುದು ಒಂದು ತೆಳುವಾದ ಎಳೆಯ ಮೇಲೆ ಎಂಬುದನ್ನು ಮರೆಯಬಾರದು. ಬಂದ ಯಂತ್ರಗಳಲ್ಲಿ ಒಂದಷ್ಟು ಪಾಲಾದರೂ ಮಾರುವಂತಿರಬೇಕು. ಆ ಅನುಪಾತ ಕುಸಿದರೆ, ಬರುವ ಪ್ರತಿಯೊಂದು ದಾನವೂ ಸಂಸ್ಥೆಗೆ ಖರ್ಚಿನ ಬಾಬತ್ತಾಗುತ್ತದೆ.

ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್

ಅನುಪಾತ ಕುಸಿಯುವುದು ಹೇಗೆಂದು ತಿಳಿಯಲು ಒಂದು ಯಂತ್ರವನ್ನು ಹಿಂಬಾಲಿಸಿ ನೋಡಬಹುದು. 2017ರ ಆರಂಭದಲ್ಲಿ ಕಚೇರಿಯೊಂದು ಕೊಂಡ, ಇಂಟೆಲ್‌ನ ಏಳನೆಯ ಪೀಳಿಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಎಂದುಕೊಳ್ಳೋಣ. ದುರಸ್ತಿ ಮೇಜಿಗೆ ಬಂದಾಗ ಮೊದಲು ನೋಡುವುದು ಬ್ಯಾಟರಿ ಉಬ್ಬಿದೆಯೇ ಎಂದು. ಉಬ್ಬಿದ್ದರೆ ಅದು ಬೆಂಕಿಯ ಅಪಾಯ, ತಕ್ಷಣ ಬೇರೆ ಡಬ್ಬಕ್ಕೆ ಹೋಗಬೇಕು. ಆಮೇಲೆ ಕೀಲಿಮಣೆಯ ಒಂದೊಂದೇ ಕೀಲಿ, ಪರದೆಯ ಕೀಲು, ಚಾರ್ಜರ್ ತೂತು. ನಂತರ ರ್‍ಯಾಮ್ ಪರೀಕ್ಷೆ. ಇದು ತಾಸುಗಟ್ಟಲೆ ತಾನೇ ಓಡುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡ ದಾಖಲೆಯನ್ನು ತೆರೆದು, ಹಾಳಾದ ವಲಯಗಳು ಎಷ್ಟೆಂದು ಎಣಿಸಬೇಕು. ಆಮೇಲೆ ಬರುವುದು ಮಾಹಿತಿ ಅಳಿಸುವ ಕೆಲಸ. ಹಳೆಯ ತಿರುಗುವ ಡಿಸ್ಕ್ ಆದರೆ ಮೇಲಿಂದ ಮೇಲೆ ಬರೆದು ಅಳಿಸಬಹುದು. ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಆದರೆ ಅದಷ್ಟೇ ಸಾಲದು, ಏಕೆಂದರೆ ಅದು ಬರೆಯುವ ಜಾಗವನ್ನು ಒಳಗೊಳಗೇ ಬದಲಿಸುತ್ತಿರುತ್ತದೆ. ಅದಕ್ಕೆ ಡಿಸ್ಕ್‌ನೊಳಗೇ ಇರುವ ಅಳಿಸುವ ಆಜ್ಞೆಯನ್ನು ಕೊಟ್ಟು, ಅಳಿದಿದೆಯೆಂದು ಖಚಿತಪಡಿಸಿಕೊಂಡು, ದಾಖಲೆ ಬರೆಯಬೇಕು.

ಇಷ್ಟೆಲ್ಲ ಆದ ಮೇಲೆ ಈ ಲ್ಯಾಪ್‌ಟಾಪ್ ಪಾಸಾಯಿತು ಎಂದಿಟ್ಟುಕೊಳ್ಳಿ. ಎಂಟು ಜಿಬಿ ರ್‍ಯಾಮ್ ಇದೆ, ಪರದೆ ಸ್ವಚ್ಛವಾಗಿದೆ, ಮಕ್ಕಳ ಪಾಠಕ್ಕೂ ಅಂಗಡಿಯ ಲೆಕ್ಕಕ್ಕೂ ಧಾರಾಳವಾಗಿ ಸಾಕು. ಆದರೆ ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆಗಿಂತ ಹಿಂದಿನ ಇಂಟೆಲ್ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಕೆಲವು ತಿಂಗಳ ಅಂತರದಲ್ಲಿ ಕೊಂಡ ಎರಡು ಲ್ಯಾಪ್‌ಟಾಪ್‌ಗಳ ಪೈಕಿ ಒಂದು ಮಾರಾಟದ ಕಪಾಟಿಗೆ, ಇನ್ನೊಂದು ಪ್ರಶ್ನಾರ್ಥಕ ಚಿಹ್ನೆಯಿರುವ ಕಪಾಟಿಗೆ. ಎರಡರ ಮೇಲೂ ಸ್ವಯಂಸೇವಕರು ಖರ್ಚು ಮಾಡಿದ ತಾಸುಗಳು ಒಂದೇ.

ಭದ್ರತೆಯ ವಾದ ಎಷ್ಟು ಗಟ್ಟಿ?

ಮೈಕ್ರೋಸಾಫ್ಟ್‌ನ ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕಳ್ಳತನದ ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಂ ಶುರುವಾಗುವ ಮೊದಲೇ ಒಳಹೊಕ್ಕುವ ಕಾಲವಿದು. ಅದನ್ನು ತಡೆಯಲು ಬೀಗದ ಕೈಗಳನ್ನು ಪ್ರತ್ಯೇಕ ಭದ್ರ ಜಾಗದಲ್ಲಿ ಕಾಪಿಡುವ ಟಿಪಿಎಂ 2.0 ಮತ್ತು ಸಹಿಯಿರುವ ತಂತ್ರಾಂಶವನ್ನಷ್ಟೇ ಶುರುಮಾಡುವ ಸೆಕ್ಯೂರ್ ಬೂಟ್ ಕಡ್ಡಾಯವೆಂದು ಕಂಪನಿ ಹೇಳುತ್ತದೆ. ಸ್ಥಿರತೆಯ ಬಗ್ಗೆಯೂ ಅದರ ಬಳಿ ಅಂಕಿಗಳಿವೆ: ಪರೀಕ್ಷಾ ಹಂತದಲ್ಲಿ, ಷರತ್ತು ಪೂರೈಸದ ಯಂತ್ರಗಳಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮಟ್ಟದ ಕುಸಿತಗಳು ಶೇ. 52ರಷ್ಟು ಹೆಚ್ಚಿದ್ದವೆಂದು 2021ರಲ್ಲಿ ಅದು ಪ್ರಕಟಿಸಿತ್ತು. ಹತ್ತು ವರ್ಷ ಮೊದಲೇ ದಿನಾಂಕ ತಿಳಿಸಿ ನಡೆದುಕೊಂಡಿದ್ದೇವೆ ಎಂಬ ಮಾತಿನಲ್ಲೂ ಹುರುಳಿದೆ.

ವಾದದ ಬಿರುಕು ಇರುವುದು ಬೇರೆ ಕಡೆ. ಆರು ಮತ್ತು ಏಳನೆಯ ಪೀಳಿಗೆಯ ಅನೇಕ ಇಂಟೆಲ್ ಯಂತ್ರಗಳಲ್ಲಿ ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಕೂಡ ಇದೆ. ಅವನ್ನು ಹೊರಗಿಟ್ಟದ್ದು ಪ್ರೊಸೆಸರ್ ಪಟ್ಟಿ. ಕುಸಿತದ ಅಂಕಿಯನ್ನೂ ಕೂಲಂಕಷವಾಗಿ ನೋಡಬೇಕು. ತೀರಾ ಅಪರೂಪಕ್ಕೆ ಆಗುವ ಘಟನೆ ಶೇ. 52ರಷ್ಟು ಹೆಚ್ಚಾದರೂ ಅದು ಅಪರೂಪವಾಗಿಯೇ ಉಳಿಯಬಹುದು. ಇದಕ್ಕಿಂತ ಮುಖ್ಯವಾದದ್ದು, ಅಪ್‌ಡೇಟ್‌ಗಳು ಇನ್ನೂ ತಯಾರಾಗುತ್ತಲೇ ಇವೆ ಎಂಬುದು. ಹಣ ಕೊಡುವ ಕಂಪನಿಗಳಿಗೆ 2028ರವರೆಗೆ ಅವು ಸಿಗುತ್ತವೆ. ತಯಾರಾದ ಅಪ್‌ಡೇಟನ್ನು ಇನ್ನಷ್ಟು ಯಂತ್ರಗಳಿಗೆ ತಲುಪಿಸುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಆದ್ದರಿಂದ ವಿವಾದ ಅಪ್‌ಡೇಟ್ ಕೊಡಲು ಸಾಧ್ಯವೇ ಎಂಬುದರ ಬಗ್ಗೆ ಅಲ್ಲ. ಯಾರಿಗೆ, ಎಷ್ಟು ಬೆಲೆಗೆ ಎಂಬುದರ ಬಗ್ಗೆ ಇದೆ.

ಓರೆಗಾನ್ ರಾಜ್ಯದ ಹೊಸ 'ದುರಸ್ತಿ ಹಕ್ಕು' ಕಾನೂನು ಈ ಸಮಸ್ಯೆಗೆ ಪರಿಹಾರವೆಂದು ಕೆಲವರು ಭಾವಿಸಿದ್ದಾರೆ. 2024ರ ಮಾರ್ಚ್‌ನಲ್ಲಿ ಅಂಗೀಕಾರ ಪಡೆದು 2025ರ ಜನವರಿ 1ರಿಂದ ಜಾರಿಯಾದ ಈ ಕಾನೂನು ಬಿಡಿಭಾಗ, ಸಲಕರಣೆ ಮತ್ತು ದುರಸ್ತಿ ಕೈಪಿಡಿಗಳನ್ನು ಎಲ್ಲರಿಗೂ ಕೊಡಬೇಕೆನ್ನುತ್ತದೆ. ಬದಲಿ ಬಿಡಿಭಾಗವನ್ನು ತಂತ್ರಾಂಶದ ಮೂಲಕ ತಿರಸ್ಕರಿಸುವ ತಯಾರಕರ ಚಾಳಿಗೆ ಅಮೆರಿಕದಲ್ಲಿ ಮೊದಲು ಕಡಿವಾಣ ಹಾಕಿದ್ದೂ ಇದೇ. ಆದರೆ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಯಾವ ಬಿಡಿಭಾಗವೂ ಕೆಟ್ಟಿಲ್ಲ. ಸ್ಕ್ರೂಡ್ರೈವರ್ ಹಾಕಲು ಜಾಗವಿಲ್ಲದ ಕಡೆ ದುರಸ್ತಿ ಹಕ್ಕು ಏನು ಮಾಡೀತು? ತಂತ್ರಾಂಶದ ಬೆಂಬಲ ಎಷ್ಟು ವರ್ಷ ಇರಬೇಕೆಂಬುದು ಬೇರೆಯೇ ಕಾನೂನಿನ ವಿಷಯ.

ಲಿನಕ್ಸ್ ಎಂಬ ಉತ್ತರ ಮತ್ತು ಅದು ಬೇಡುವ ದುಡಿಮೆ

ತಾಂತ್ರಿಕವಾಗಿ ಉತ್ತರ ಸಿದ್ಧವಾಗಿಯೇ ಇದೆ. ಫ್ರೀ ಗೀಕ್ ಮೊದಲಿನಿಂದಲೂ ತನ್ನ ಯಂತ್ರಗಳಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತಾ ಬಂದಿದೆ. ಅದಕ್ಕೆ ಲೈಸೆನ್ಸ್ ಹಣವಿಲ್ಲ, ಏಳನೆಯ ಪೀಳಿಗೆಯ ಪ್ರೊಸೆಸರ್ ಬಗ್ಗೆ ತಕರಾರೂ ಇಲ್ಲ. ವಿಂಡೋಸ್ 10ರ ಮುಕ್ತಾಯದ ಹೊತ್ತಿಗೆ ಕೆಡಿಇ ಮುಂತಾದ ಸ್ವತಂತ್ರ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಸಮುದಾಯಗಳು 'ಎಂಡ್ ಆಫ್ ಟೆನ್' ಎಂಬ ಪ್ರಚಾರ ನಡೆಸಿ, ಊರೂರಿನ ದುರಸ್ತಿ ಕೂಟಗಳಲ್ಲಿ ಲಿನಕ್ಸ್ ಹಾಕಿಕೊಡುವ ವ್ಯವಸ್ಥೆಗೆ ಮುಂದಾದವು.

ಆದರೆ ಯಂತ್ರ ಪಡೆದವರ ಕಡೆಯಿಂದ ನೋಡಿದರೆ ಚಿತ್ರ ಇಷ್ಟು ಹಗುರವಲ್ಲ, ಇದನ್ನು ಕರ್ನಾಟಕದ ಉದಾಹರಣೆಯಿಂದಲೇ ಸ್ಪಷ್ಟಪಡಿಸಬಹುದು. ನಮ್ಮ ಕಚೇರಿ ಮತ್ತು ಶಾಲೆಗಳಲ್ಲಿ ಎರಡು ದಶಕಗಳಿಂದ ಕನ್ನಡ ಟೈಪಿಂಗ್ ಎಂದರೆ ನುಡಿ. ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಈ ತಂತ್ರಾಂಶ ವಿಂಡೋಸ್‌ಗಾಗಿ ಹುಟ್ಟಿದ್ದು. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕಡತಗಳು ನುಡಿಯದೇ ಫಾಂಟ್‌ಗಳ ಸಂಕೇತದಲ್ಲಿವೆ. ಆ ಫಾಂಟ್ ಇಲ್ಲದ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಹಳೆಯ ಸುತ್ತೋಲೆಯನ್ನು ತೆರೆದರೆ ಕನ್ನಡದ ಜಾಗದಲ್ಲಿ ಚುಕ್ಕಿ ಕೊಂಬುಗಳ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. 'ಈ ಕಂಪ್ಯೂಟರ್‌ಗೆ ಕನ್ನಡ ಬರುವುದಿಲ್ಲ' ಎಂಬ ತೀರ್ಮಾನಕ್ಕೆ ಇಷ್ಟು ಸಾಕು. ನಿಜವೆಂದರೆ ಲಿನಕ್ಸ್‌ನಲ್ಲಿ ಕೆಜಿಪಿ ವಿನ್ಯಾಸದ ಕೀಲಿಮಣೆ ಇದೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಹೊಸತೇನಲ್ಲ. ನುಡಿ ಫಾಂಟನ್ನು ನಕಲು ಮಾಡಿ ಹಾಕಿದರೆ ಹಳೆಯ ಕಡತ ಓದಬಹುದು, ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳೂ ಇವೆ. ಆದರೆ ಇದನ್ನು ಪಕ್ಕದಲ್ಲಿ ಕೂತು ತೋರಿಸುವವರು ಯಾರು?

ಕೇರಳ ಈ ಪ್ರಶ್ನೆಗೆ ಸರ್ಕಾರದ ಮಟ್ಟದಲ್ಲಿ ಉತ್ತರ ಕೊಟ್ಟಿದೆ. ಐಟಿ@ಸ್ಕೂಲ್ ಯೋಜನೆಯ ಮೂಲಕ, ಈಗ ಕೈಟ್ ಎಂಬ ಸಂಸ್ಥೆಯ ಮೂಲಕ, ಅಲ್ಲಿನ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದಲ್ಲೇ ಪಾಠ ಮಾಡುತ್ತವೆ. ಪಠ್ಯವೂ ಶಿಕ್ಷಕರ ತರಬೇತಿಯೂ ಅದರ ಮೇಲೆಯೇ ರೂಪುಗೊಂಡಿವೆ. ಬೆಂಗಳೂರಿನಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಕಟ್ಟಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರವು ಇದನ್ನೇ ಸಣ್ಣ ಪ್ರಮಾಣದಲ್ಲಿ ತೋರಿಸಿತು. ಅಲ್ಲಿ ಯಂತ್ರಗಳಷ್ಟೇ ಮುಖ್ಯವಾದದ್ದು ಬಿಡುವಿನ ವೇಳೆಯಲ್ಲಿ ಬಂದು ಕಲಿಸುತ್ತಿದ್ದವರು. ಇಂತಹ ಬೆನ್ನಾಸರೆ ಇಲ್ಲದೆ ಕೊಟ್ಟ ಲಿನಕ್ಸ್ ಯಂತ್ರ, ಮೂರು ತಿಂಗಳಲ್ಲಿ ಬಟ್ಟೆ ಹೊದ್ದು ಮೂಲೆ ಸೇರುವ ಸಂಭವ ಹೆಚ್ಚು. ಬಡವರಿಗೆ ಹಳಸಲು ಯಂತ್ರ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ ಎಂಬ ಟೀಕೆ ಹುಟ್ಟುವುದು ಇಲ್ಲಿಯೇ, ಅದರಲ್ಲಿ ತಪ್ಪೂ ಇಲ್ಲ.

ಕಾನೂನು ತೂಗುವುದು ಕಿಲೋಗಳನ್ನು

ಹಾಗಾದರೆ ಈ ದುಡಿಮೆಗೆ ಹಣ ಎಲ್ಲಿಂದ ಬರಬೇಕು? ಇ-ತ್ಯಾಜ್ಯದ ಕಾನೂನುಗಳು ತಯಾರಕರಿಂದ ಹಣ ತರಿಸುತ್ತವೆ, ಆದರೆ ಅದು ಹರಿಯುವ ದಿಕ್ಕು ಬೇರೆ. ಓರೆಗಾನ್‌ನ ಇ-ಸೈಕಲ್ಸ್ ಯೋಜನೆ 2009ರಲ್ಲಿ ಶುರುವಾಯಿತು. ತಯಾರಕರ ಖರ್ಚಿನಲ್ಲಿ ಜನರಿಂದ ಕಂಪ್ಯೂಟರ್, ಮಾನಿಟರ್ ಮತ್ತು ಟಿವಿಗಳನ್ನು ಉಚಿತವಾಗಿ ಪಡೆಯುವ ಈ ವ್ಯವಸ್ಥೆಯಿಂದಾಗಿ, 2010ರಿಂದ ಅವನ್ನು ಮಾಮೂಲಿ ಕಸಕ್ಕೆ ಎಸೆಯುವುದನ್ನು ನಿಷೇಧಿಸಲು ಸಾಧ್ಯವಾಯಿತು. ಸಂಗ್ರಹದ ಗುರಿಯನ್ನು ನಿಗದಿಪಡಿಸಿದ್ದು ತೂಕದಲ್ಲಿ. ತೂಕದ ಲೆಕ್ಕದಲ್ಲಿ ಒಂದೂವರೆ ಕಿಲೋದ ಸುಸ್ಥಿತಿಯ ಲ್ಯಾಪ್‌ಟಾಪ್‌ಗಿಂತ ಇಪ್ಪತ್ತು ಕಿಲೋದ ಒಡೆದ ಡಬ್ಬಿ ಟಿವಿಯೇ ದೊಡ್ಡದು. ಆ ಲ್ಯಾಪ್‌ಟಾಪ್‌ಗೆ ಇನ್ನೂ ಐದು ವರ್ಷ ಆಯುಷ್ಯ ಕೊಟ್ಟವರ ದುಡಿಮೆಗೆ ತಕ್ಕಡಿಯಲ್ಲಿ ಜಾಗವಿಲ್ಲ.

ಭಾರತದ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವೂ ತೂಕವನ್ನೇ ಅಳೆಯುತ್ತವೆ. 2023-24 ಮತ್ತು 2024-25ಕ್ಕೆ ತಯಾರಕರ ಮರುಸಂಸ್ಕರಣೆ ಗುರಿ ಶೇ. 60, ಮುಂದಿನ ಎರಡು ವರ್ಷಕ್ಕೆ ಶೇ. 70, 2027-28ರಿಂದ ಶೇ. 80. ಆದರೆ ಈ ನಿಯಮಗಳಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಅಂಶವಿದೆ. ನೋಂದಾಯಿತ ದುರಸ್ತಿದಾರರಿಂದ ಯಂತ್ರಗಳ ಆಯುಷ್ಯ ಹೆಚ್ಚಿಸಿದ ಪ್ರಮಾಣಪತ್ರವನ್ನು ತಯಾರಕರು ಪಡೆದರೆ, ಅಷ್ಟರಮಟ್ಟಿಗೆ ಅವರ ಹೊಣೆ ಮುಂದಕ್ಕೆ ಹೋಗುತ್ತದೆ, ಹೋದದ್ದು ಮರಳುವಾಗ ಮುಕ್ಕಾಲು ಪಾಲಷ್ಟೇ ಮರಳುತ್ತದೆ. ನಿಯಮಗಳೇ ಕೊಡುವ ಉದಾಹರಣೆ ಹೀಗಿದೆ: 2023-24ರಲ್ಲಿ 100 ಟನ್ ಹೊಣೆಯಿರುವ ಕಂಪನಿಯು 60 ಟನ್ನಿನಷ್ಟು ಉಪಕರಣಗಳ ಆಯುಷ್ಯವನ್ನು ಐದು ವರ್ಷ ಹೆಚ್ಚಿಸಿದರೆ, ಆ ವರ್ಷ ಸಂಸ್ಕರಿಸಬೇಕಾದದ್ದು 40 ಟನ್, ಐದು ವರ್ಷದ ನಂತರ 2028-29ರಲ್ಲಿ ಲೆಕ್ಕಕ್ಕೆ ಬರುವುದು 45 ಟನ್. ಉಳಿದ 15 ಟನ್ ದುರಸ್ತಿಗೆ ಕೊಟ್ಟ ಬಹುಮಾನ. ಕಾಲವನ್ನೂ ಲೆಕ್ಕಕ್ಕೆ ಹಿಡಿದ ಈ ಸೂತ್ರ ಓರೆಗಾನ್‌ನ ವ್ಯವಸ್ಥೆಗಿಂತ ಜಾಣತನದ್ದು ಎಂದೇ ಹೇಳಬೇಕು.

ತೊಡಕು ಇರುವುದು ಬಾಗಿಲಲ್ಲಿ. ಈ ಲಾಭ ಹರಿಯುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡವರ ಮೂಲಕ. ಒಂದು ವರ್ಷದಲ್ಲಿ ಸಾವಿರ ಅಥವಾ ಹೆಚ್ಚು ಉಪಕರಣ ಬಳಸುವ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ತಯಾರಕ, ದುರಸ್ತಿದಾರ ಅಥವಾ ಸಂಸ್ಕರಣಾ ಘಟಕಕ್ಕೇ ಕೊಡಬೇಕು. ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳೆಲ್ಲ ಈ ವ್ಯಾಪ್ತಿಯವು, ಸುಸ್ಥಿತಿಯ ಹಳೆಯ ಲ್ಯಾಪ್‌ಟಾಪ್‌ಗಳು ರಾಶಿಯಾಗಿ ಇರುವುದೂ ಅವುಗಳ ಬಳಿಯೇ. ಸಂಸ್ಕರಣೆಯ ಕಡೆ ನಮ್ಮಲ್ಲಿ ಹಳೆಯ ಅನುಭವವಿದೆ; ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವಾದ ಇ-ಪರಿಸರ ದಾಬಸ್‌ಪೇಟೆಯಲ್ಲಿ 2005ರಲ್ಲೇ ಆರಂಭವಾಯಿತು. ದುರಸ್ತಿಯ ಕೌಶಲ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಧಾರಾಳವಾಗಿದೆ, ಅಲ್ಲಿ ಬಿಚ್ಚಿ ಜೋಡಿಸಲಾಗದ ಯಂತ್ರ ಅಪರೂಪ. ಇವೆರಡರ ನಡುವೆ ಸಮುದಾಯದ ಕೆಲಸ ಮಾಡುವ ಸಣ್ಣ ಗುಂಪಿಗೆ ಪೋರ್ಟಲ್, ದಾಖಲೆ, ತ್ರೈಮಾಸಿಕ ಲೆಕ್ಕ ಎಲ್ಲವೂ ಕಬ್ಬಿಣದ ಕಡಲೆ. ಹೀಗಾಗಿ ಕಂಪನಿಗಳು ಸುಲಭದ ದಾರಿ ಹಿಡಿಯುತ್ತವೆ. ಮಾಹಿತಿ ಸೋರಿದರೆ ತಲೆದಂಡ ತೆರಬೇಕಾದ ಭದ್ರತಾ ಅಧಿಕಾರಿಗೂ ಡಿಸ್ಕನ್ನು ಪುಡಿಮಾಡಿದ ಸರ್ಟಿಫಿಕೇಟೇ ನೆಮ್ಮದಿ ಕೊಡುತ್ತದೆ. ಡಿಸ್ಕ್ ಕಿತ್ತುಕೊಂಡು ಬಂದ ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕುವ ಖರ್ಚು ಬೀಳುವುದು ಪಡೆದ ಸಂಸ್ಥೆಯ ಮೇಲೆ.

ಆ ಖರ್ಚು ಈಗ ಏರುತ್ತಿದೆ ಕೂಡ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜಿಗಿಯಿತು. ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರ್‌ನಲ್ಲಿ ಘೋಷಿಸಿತು. ಇದರ ಪರಿಣಾಮ ಎರಡು ಬಗೆಯದು. ಹೊಸ ಲ್ಯಾಪ್‌ಟಾಪ್ ದುಬಾರಿಯಾದಷ್ಟೂ ಹಳೆಯದನ್ನು ಇಟ್ಟುಕೊಳ್ಳುವವರೂ ಸೆಕೆಂಡ್ ಹ್ಯಾಂಡ್ ಹುಡುಕುವವರೂ ಹೆಚ್ಚುತ್ತಾರೆ. ಅದೇ ಹೊತ್ತಿಗೆ, ಇಡೀ ಯಂತ್ರಕ್ಕಿಂತ ಅದರ ರ್‍ಯಾಮ್ ಮತ್ತು ಎಸ್‌ಎಸ್‌ಡಿಗೇ ಹೆಚ್ಚು ಬೆಲೆ ಬರುವ ಹಾಗಾದರೆ, ಅವನ್ನು ಕಿತ್ತು ಮಾರಿ ಉಳಿದ ಕಳೇಬರವನ್ನು ಗುಜರಿಗೆ ಹಾಕುವ ಆಸೆಯೂ ಹುಟ್ಟುತ್ತದೆ. ದಾನದ ಯಂತ್ರಗಳು ಹೀಗೆ ಹೊಟ್ಟೆ ಖಾಲಿಯಾಗಿ ಬರತೊಡಗಿದರೆ ಅವು ದಾನವಾಗಿ ಉಳಿಯುವುದಿಲ್ಲ.

ಬರುವುದು ಒಂದೇ ಅಲೆಯಲ್ಲ

24 ಕೋಟಿ, 40 ಕೋಟಿ ಎಂಬ ಸಂಖ್ಯೆಗಳು ಒಂದು ರಾತ್ರಿಯಲ್ಲಿ ಒಡೆಯುವ ಅಣೆಕಟ್ಟೆಯ ಚಿತ್ರ ಕೊಡುತ್ತವೆ. ನಡೆಯುವುದು ಹಾಗಲ್ಲ. ಎಚ್ಚರಿಕೆಗೆ ಕಿವಿಗೊಡದೆ ವಿಂಡೋಸ್ 10ರಲ್ಲೇ ಮುಂದುವರಿಯುವವರು ಬಹಳ ಮಂದಿ ಇರುತ್ತಾರೆ, ಹಿಂದೆ ವಿಂಡೋಸ್ 7 ಮುಗಿದಾಗಲೂ ಹೀಗೆಯೇ ಆಗಿತ್ತು. ಮನೆಗಳಿಂದ ಬರುವ ಮೊದಲ ಅಲೆಗೆ 2026ರ ಅಕ್ಟೋಬರ್ 13 ಒಂದು ಗಡುವು. ಮನೆಯ ಯಂತ್ರಗಳು ಸಾಮಾನ್ಯವಾಗಿ ಹೆಚ್ಚು ಸವೆದವು, ಅಟ್ಟದ ಮೇಲೆ ವರ್ಷಗಟ್ಟಲೆ ಕೂತು ಬಂದವು. ಅವುಗಳಲ್ಲಿ ಹೆಚ್ಚಿನವು ದುರಸ್ತಿ ಮೇಜಿಗಿಂತ ಸಂಸ್ಕರಣೆಯ ಡಬ್ಬಕ್ಕೇ ಹೋಗುತ್ತವೆ. ಈ ಅವಧಿಯಲ್ಲಿ ಸಂಸ್ಥೆಗಳಿಗೆ ಖರ್ಚು ಹೆಚ್ಚು, ಆದಾಯ ಕಡಿಮೆ.

ಕಚೇರಿಗಳು ಹಣ ಕೊಟ್ಟು ಕಾಯ್ದುಕೊಂಡ, ಒಂದೇ ಮಾದರಿಯ ನೂರಾರು ಯಂತ್ರಗಳು ಬರುವುದು ಆಮೇಲೆ. ಒಂದೇ ಮಾದರಿಯ ಯಂತ್ರಗಳು ದುರಸ್ತಿದಾರರಿಗೆ ವರವಿದ್ದಂತೆ. ಒಂದರ ಪರದೆ, ಇನ್ನೊಂದರ ಕೀಲಿಮಣೆ ಸೇರಿಸಿ ಮೂರನೆಯದನ್ನು ಎಬ್ಬಿಸಬಹುದು, ಒಮ್ಮೆ ಸಿದ್ಧಪಡಿಸಿದ ತಂತ್ರಾಂಶವನ್ನು ಎಲ್ಲದಕ್ಕೂ ಹಾಕಬಹುದು. ಆದರೆ ಕಚೇರಿಗಳ ಪಾವತಿ ಅಪ್‌ಡೇಟ್‌ನ ಕೊನೆಯ ದಿನ 2028ರ ಅಕ್ಟೋಬರ್ 10. ಅಷ್ಟು ಹೊತ್ತಿಗೆ ನಮ್ಮ 2017ರ ಲ್ಯಾಪ್‌ಟಾಪ್‌ಗೆ ಹನ್ನೊಂದು ವರ್ಷ ತುಂಬಿರುತ್ತದೆ. ಅದನ್ನು ಎರಡು ವರ್ಷ ಮೊದಲೇ ಬಿಟ್ಟುಕೊಡುವಂತೆ ಕಂಪನಿಗಳ ಮನವೊಲಿಸಲು ಈಗಿರುವ ಸಾಧನ ಪ್ರಮಾಣಪತ್ರಗಳ ಆ ಮುಕ್ಕಾಲು ಪಾಲಿನ ಸೂತ್ರವೊಂದೇ. ಅದರಡಿ ಮೊದಲ ವರ್ಷ ಐದು ವರ್ಷಗಳಿಗೆ ಮುಂದೂಡಿದ ಹೊಣೆಯೂ ಹೊಸ ಲೆಕ್ಕಕ್ಕೆ ಮರಳುವುದು ಅದೇ 2028-29ರಲ್ಲಿ.